ಒಬ್ಬ ರಾಜ, ಎರಡು ಪ್ರತಿಮೆ

ರಷ್ಯಾ–ಉಕ್ರೇನ್ ಜಗಳ ಶುರುವಾದದ್ದು 2022ರಲ್ಲಲ್ಲ, 2014ರಲ್ಲೂ ಅಲ್ಲ. ಸತ್ತು ಸಾವಿರ ವರ್ಷವಾದ ರಾಜ ಯಾರವನು ಎಂಬಲ್ಲಿಂದ ಹಿಡಿದು ಗೋಧಿ ಯಾರದು, ನುಡಿ ಯಾರದು, ಕೊಟ್ಟ ಮಾತಿನ ಅರ್ಥವೇನು ಎಂಬತನಕ ಬೆಳೆದ ತಕರಾರು ಇದು.

2016ರ ನವೆಂಬರ್ 4. ಮಾಸ್ಕೊದ ಕ್ರೆಮ್ಲಿನ್ ಕೋಟೆಗೋಡೆಯ ಪಕ್ಕದ ಚೌಕದಲ್ಲಿ ಕಂಚಿನ ಪ್ರತಿಮೆಯೊಂದರ ಅನಾವರಣ. ಎತ್ತರ ಹದಿನಾರು ಮೀಟರಿಗೂ ಹೆಚ್ಚು. ಒಂದು ಕೈಯಲ್ಲಿ ತಲೆಗಿಂತ ಎತ್ತರದ ಶಿಲುಬೆ, ಇನ್ನೊಂದರಲ್ಲಿ ಕತ್ತಿ. ಎದುರಿಗೆ ಅಧ್ಯಕ್ಷ ವ್ಲಾದಿಮಿರ್ ಪುಟಿನ್, ಅವರೊಂದಿಗೆ ರಷ್ಯನ್ ಆರ್ಥೊಡಾಕ್ಸ್ ಚರ್ಚಿನ ಮುಖ್ಯಸ್ಥ ಕಿರಿಲ್.

ಪ್ರತಿಮೆಯೂ ವ್ಲಾದಿಮಿರ್‌ನದೇ. ಹತ್ತನೇ ಶತಮಾನದ ರಾಜ. ರಷ್ಯಾದ ನೆಲವನ್ನು ಒಗ್ಗೂಡಿಸಿ ಕಾಪಾಡಿದವನು ಎಂದು ಪುಟಿನ್ ಅವನನ್ನು ಹೊಗಳಿದರು.

ತೊಡಕು ಇರುವುದು ಇಲ್ಲೇ. ಆ ರಾಜನ ಕಾಲದಲ್ಲಿ ಮಾಸ್ಕೊ ಎಂಬ ಊರಿನ ಹೆಸರು ಯಾವ ಬರಹದಲ್ಲೂ ಇಲ್ಲ. ಅದು ಮೊದಲು ಕಾಣುವುದು 1147ರಲ್ಲಿ, ರಾಜ ತೀರಿಕೊಂಡು ನೂರ ಮೂವತ್ತು ವರ್ಷ ದಾಟಿದ ಮೇಲೆ. ಅವನು ಆಳಿದ್ದು ಕೀವ್‌ನಿಂದ. ಅಲ್ಲಿ ದ್ನೀಪರ್ ನದಿಯ ದಂಡೆಯ ಗುಡ್ಡದ ಮೇಲೆ 1853ರಿಂದಲೂ ಅವನ ಪ್ರತಿಮೆ ನಿಂತಿದೆ. ಅಲ್ಲಿಯವರಿಗೆ ಅವನು ವೊಲೊದಿಮಿರ್. ಮಾಸ್ಕೊದ ಸಮಾರಂಭದ ಹೊತ್ತಿಗೆ ಉಕ್ರೇನಿನ ಅಧಿಕೃತ ಟ್ವಿಟರ್ ಖಾತೆ ಕೀವ್ ಪ್ರತಿಮೆಯ ಚಿತ್ರ ಹಾಕಿ, ಅಸಲಿ ಇಲ್ಲಿದೆ, ಮರೆಯಬೇಡಿ ಎಂದು ಕುಟುಕಿತು.

ಆ ಹೊತ್ತಿಗಾಗಲೇ ಕ್ರಿಮಿಯಾ ಕೈಬದಲಾಗಿ ಎರಡು ವರ್ಷ ಕಳೆದಿತ್ತು. ಪ್ರತಿಮೆಗೆ ಆರು ವರ್ಷ ತುಂಬುವ ಮೊದಲೇ ರಷ್ಯಾದ ಟ್ಯಾಂಕುಗಳು ಕೀವ್‌ನ ಹೊರವಲಯದಲ್ಲಿದ್ದವು.

ನವೆಂಬರ್ ಬಂದರೆ ಎರಡೂ ಕಡೆ ಇತಿಹಾಸ ಮೈಮೇಲೆ ಬರುತ್ತದೆ. ರಷ್ಯಾದಲ್ಲಿ 4ನೇ ತಾರೀಖು ರಾಷ್ಟ್ರೀಯ ಏಕತಾ ದಿನ. 1612ರಲ್ಲಿ ಪೋಲೆಂಡಿನ ಪಡೆಯನ್ನು ಮಾಸ್ಕೊದಿಂದ ಹೊರಹಾಕಿದ ನೆನಪಿಗೆ. ಉಕ್ರೇನಿನಲ್ಲಿ ಅದೇ ತಿಂಗಳ ನಾಲ್ಕನೇ ಶನಿವಾರ ಸಂಜೆ ಮನೆಮನೆಯ ಕಿಟಕಿಯಲ್ಲಿ ಮೇಣದಬತ್ತಿ ಹಚ್ಚುತ್ತಾರೆ. 1932–33ರಲ್ಲಿ ಹಸಿವಿನಿಂದ ಸತ್ತವರಿಗಾಗಿ.

ಈ ಯುದ್ಧವನ್ನು ನಮ್ಮಲ್ಲಿ ದಾಯಾದಿ ಕಲಹ ಅನ್ನುವವರಿದ್ದಾರೆ. ಆದರೆ ದಾಯಾದಿಗಳು ಕಿತ್ತಾಡುವುದು ಯಾರ ಪಾಲು ಎಷ್ಟು ಎಂದು. ತನಗೊಬ್ಬ ತಮ್ಮನಿದ್ದಾನೆ ಎಂಬುದನ್ನಾದರೂ ಅಣ್ಣ ಒಪ್ಪಿರುತ್ತಾನೆ. ಇಲ್ಲಿ ಅಣ್ಣನ ವಾದವೇ ಬೇರೆ: ತಮ್ಮ ಎಂಬವನೇ ಇಲ್ಲ, ಅವನೂ ನಾನೇ. ಇಷ್ಟು ವರ್ಷಗಳ ಕಥೆಯನ್ನು ಯಾವ ತುದಿಯಿಂದ ಎಳೆದರೂ ಸಿಗುವುದು ಈ ಎಳೆ.

ನದಿ ಪಾಲಾದ ದೇವರು

ಹನ್ನೆರಡನೇ ಶತಮಾನದ ಆರಂಭದಲ್ಲಿ ಕೀವ್‌ನಲ್ಲಿ ಸನ್ಯಾಸಿಗಳು ಬರೆದಿಟ್ಟ ವೃತ್ತಾಂತದಲ್ಲಿ ವೊಲೊದಿಮಿರ್ ಮತ ಬದಲಿಸಿದ ಕಥೆ ಬರುತ್ತದೆ. ಬೇರೆಬೇರೆ ಧರ್ಮದವರನ್ನು ಕರೆಸಿ ವಿಚಾರಿಸಿದನಂತೆ. ಇಸ್ಲಾಂನಲ್ಲಿ ಮದ್ಯ ನಿಷಿದ್ಧ ಎಂದು ತಿಳಿದಾಗ, ಕುಡಿತವಿಲ್ಲದೆ ನಮ್ಮ ಜನಕ್ಕೆ ಬದುಕೇ ಇಲ್ಲ ಎಂದನಂತೆ. ಕೊನೆಗೆ ಮನಸ್ಸಿಗೆ ಬಂದದ್ದು ಬೈಜಾಂಟಿಯಂನ ಕ್ರೈಸ್ತ ಮತ.

988ರಲ್ಲಿ ದೀಕ್ಷೆ ಪಡೆದು ಊರಿಗೆ ಮರಳಿದವನು ಗುಡುಗಿನ ದೇವರು ಪೆರೂನ್‌ನ ಮರದ ವಿಗ್ರಹವನ್ನು ಕುದುರೆಯ ಬಾಲಕ್ಕೆ ಕಟ್ಟಿಸಿದ. ಹನ್ನೆರಡು ಜನ ಬಡಿಗೆಯಿಂದ ಬಾರಿಸುತ್ತ ಎಳೆದೊಯ್ದು ಅದನ್ನು ದ್ನೀಪರ್ ಹೊಳೆಗೆ ನೂಕಿದರು. ಜನ ಅಳುತ್ತ ನಿಂತಿದ್ದರು ಎಂದೂ ವೃತ್ತಾಂತ ಹೇಳುತ್ತದೆ.

ಆ ರಾಜ್ಯದ ಹೆಸರು ಕೀವನ್ ರುಸ್. ರಷ್ಯಾ, ಉಕ್ರೇನ್, ಬೆಲಾರುಸ್ ಮೂರೂ ತಮ್ಮ ಬೇರು ಅಲ್ಲಿದೆ ಎನ್ನುತ್ತವೆ, ಮೂರರ ಮಾತೂ ಸುಳ್ಳಲ್ಲ. ಆದರೆ ಆ ಕಾಲದವರನ್ನು ಎಬ್ಬಿಸಿ ನೀವು ರಷ್ಯನ್ನರೋ ಉಕ್ರೇನಿಯನ್ನರೋ ಎಂದು ಕೇಳಿದರೆ ಪ್ರಶ್ನೆಯೇ ಅರ್ಥವಾಗದು. ಅರಸು ಮನೆತನದ ಮೂಲಪುರುಷರು ಸ್ಕ್ಯಾಂಡಿನೇವಿಯಾದಿಂದ ದೋಣಿಯಲ್ಲಿ ಬಂದವರು.

ಬಿರುಕು ಬೇಗನೇ ಕಾಣಿಸಿತು. 1169ರಲ್ಲಿ ಈಶಾನ್ಯದ ಸುಜ್ದಾಲ್ ಸೀಮೆಯ ಅರಸ ಆಂದ್ರೇ ಬೊಗೊಲ್ಯೂಬ್‌ಸ್ಕಿಯ ಪಡೆ ಕೀವ್ ನಗರವನ್ನು ಲೂಟಿ ಮಾಡಿತು. 1240ರ ಡಿಸೆಂಬರಿನಲ್ಲಿ ಬಟು ಖಾನನ ಮಂಗೋಲರು ಬಂದು ಉಳಿದದ್ದನ್ನೂ ಮುಗಿಸಿದರು.

ಅಲ್ಲಿಂದ ಮುಂದೆ ಎರಡು ದಾರಿ. ಮಾಸ್ಕೊ ಮಂಗೋಲ್ ಖಾನರಿಗೆ ಕಪ್ಪ ವಸೂಲಿ ಮಾಡಿಕೊಡುತ್ತ ಬಲಿಯಿತು. ಅಲ್ಲಿ ದೊರೆಯ ಮಾತಿಗೆ ಎದುರಿಲ್ಲ. ಕೀವ್ ಮೊದಲು ಲಿಥುವೇನಿಯಾದ, 1569ರ ಬಳಿಕ ಪೋಲೆಂಡಿನ ಆಳ್ವಿಕೆಗೆ ಹೋಯಿತು. ಅಲ್ಲಿ ರಾಜನನ್ನು ಕುಲೀನರು ಆರಿಸುತ್ತಿದ್ದರು, ಪಟ್ಟಣಗಳಿಗೆ ತಮ್ಮದೇ ಸನ್ನದು, ಲ್ಯಾಟಿನ್ ಕಲಿಸುವ ಶಾಲೆಗಳು. ರೈತನ ಪಾಡು ಮಾತ್ರ ಎರಡೂ ಕಡೆ ಅಷ್ಟಕ್ಕಷ್ಟೇ.

ಬೇರೆ ಬೇರೆಯಾಗಿ ಬದುಕಿದ ಈ ನಾನೂರು ವರ್ಷಗಳನ್ನು ಮಾಸ್ಕೊದ ಕಥನ ಅವಸರದಲ್ಲಿ ದಾಟಿಬಿಡುತ್ತದೆ. ನನ್ನ ಮಟ್ಟಿಗೆ ಇಡೀ ಜಗಳದ ಬೀಗದ ಕೈ ಇರುವುದು ಅಲ್ಲಿ.

> ಫ್ರಾನ್ಸಿನ ರಾಣಿ ಯಾರ ಮಗಳು?
> ವೊಲೊದಿಮಿರ್‌ನ ಮಗ ಯಾರೊಸ್ಲಾವ್‌ನ ಮಗಳು ಆನ್ನಾ 1051ರಲ್ಲಿ ಫ್ರಾನ್ಸಿನ ದೊರೆ ಒಂದನೇ ಹೆನ್ರಿಯನ್ನು ಮದುವೆಯಾದಳು. ಅವಳು ಸಿರಿಲಿಕ್ ಲಿಪಿಯಲ್ಲಿ ಹಾಕಿದ ಸಹಿ ಇಂದಿಗೂ ಉಳಿದಿದೆ. 2017ರ ಮೇ ತಿಂಗಳಲ್ಲಿ ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಪುಟಿನ್ ಅವಳನ್ನು ರಷ್ಯಾದ ಆನ್ನಾ ಎಂದು ಕರೆದರು. ಕೀವ್ ಸಿಡಿಮಿಡಿಗೊಂಡಿತು. ಎರಡು ದೇಶಗಳ ನಡುವೆ ಟ್ವಿಟರ್‌ನಲ್ಲಿ ಬಿಸಿಬಿಸಿ ಮಾತು ನಡೆಯಿತು, ಅದೂ ಸತ್ತು ಒಂಬತ್ತು ಶತಮಾನವಾದ ಹೆಣ್ಣುಮಗಳಿಗಾಗಿ.

ಆಣೆ ಇಡದ ದೂತ

ಪೋಲಿಷ್ ಒಡೆಯರ ಕಾಟ ತಾಳದೆ ಓಡಿಹೋದ ರೈತರು, ಸಾಲಗಾರರು, ಸಾಹಸಿಗಳು ದ್ನೀಪರ್‌ನ ಕೆಳದಂಡೆಯ ಬಯಲಿನಲ್ಲಿ ಗುಂಪು ಕಟ್ಟಿಕೊಂಡರು. ಅವರೇ ಕೊಸಾಕರು. ಕುದುರೆ, ಕತ್ತಿ, ದೋಣಿ ಅವರ ಬದುಕು. ನಾಯಕನನ್ನು ತಾವೇ ಆರಿಸಿ 'ಹೆತ್ಮಾನ್' ಎಂದು ಕರೆಯುತ್ತಿದ್ದರು, ಬೇಡವಾದರೆ ಇಳಿಸುತ್ತಿದ್ದರು.

1648ರಲ್ಲಿ ಹೆತ್ಮಾನ್ ಬೊಹ್ದಾನ್ ಖ್ಮೆಲ್ನಿತ್‌ಸ್ಕಿ ಪೋಲೆಂಡಿನ ವಿರುದ್ಧ ದಂಗೆ ಎದ್ದ. ಉಕ್ರೇನಿನ ಕಣ್ಣಲ್ಲಿ ಅವನು ನಾಡು ಕಟ್ಟಿದವನು. ಯಹೂದಿಗಳ ನೆನಪಿನಲ್ಲಿ ಅವನ ಹೆಸರು ಬೇರೆಯೇ ಬಗೆಯಲ್ಲಿ ಉಳಿದಿದೆ. ಆ ದಂಗೆಯಲ್ಲಿ ಸಾವಿರ ಸಾವಿರ ಯಹೂದಿಗಳ ಕೊಲೆಯಾಯಿತು.

ಯುದ್ಧ ಲಂಬಿಸಿತು. ಜೊತೆಗಿದ್ದ ಕ್ರಿಮಿಯಾದ ತಾತಾರರು ಬೇಕಾದಾಗ ಕೈಕೊಟ್ಟರು. ಬೇರೆ ದಿಕ್ಕು ಕಾಣದೆ ಹೆತ್ಮಾನ್ ಮಾಸ್ಕೊದ ಝಾರ್ ದೊರೆಯ ಆಸರೆ ಕೇಳಿದ. 1654ರ ಜನವರಿಯಲ್ಲಿ ಪೆರೆಯಾಸ್ಲಾವ್ ಎಂಬ ಊರಿಗೆ ಝಾರ್‌ನ ದೂತ ವಸೀಲಿ ಬುತುರ್ಲಿನ್ ಬಂದಿಳಿದ.

ಚರ್ಚಿನಲ್ಲಿ ಪ್ರಮಾಣವಚನದ ಏರ್ಪಾಡಾಗಿತ್ತು. ಆಗ ಹೆತ್ಮಾನ್ ಒಂದು ಮಾತು ಕೇಳಿದ: ನಮ್ಮನ್ನು ಕೈಬಿಡುವುದಿಲ್ಲ, ನಮ್ಮ ಹಕ್ಕುಗಳಿಗೆ ಧಕ್ಕೆ ತರುವುದಿಲ್ಲ ಎಂದು ದೊರೆಯ ಪರವಾಗಿ ನೀವೂ ಆಣೆ ಇಡಬೇಕಲ್ಲವೇ? ಬುತುರ್ಲಿನ್ ತಬ್ಬಿಬ್ಬಾದ. ದೊರೆ ತನ್ನ ಪ್ರಜೆಗಳಿಗೆ ಆಣೆ ಇಡುವುದೆಂದರೇನು? ಅಂಥ ಪದ್ಧತಿಯೇ ನಮ್ಮಲ್ಲಿಲ್ಲ ಎಂದ. ಪೋಲೆಂಡಿನ ರಾಜರು ಇಡುತ್ತಾರಲ್ಲ ಎಂದರು ಕೊಸಾಕ್ ನಾಯಕರು. ಅವರು ಚುನಾಯಿತ ರಾಜರು, ಅವರ ಮಾತಿಗೂ ನಮ್ಮ ದೊರೆಯ ಮಾತಿಗೂ ಹೋಲಿಕೆಯೇ ಎಂದು ದೂತ ಜಗ್ಗಲಿಲ್ಲ.

ಖ್ಮೆಲ್ನಿತ್‌ಸ್ಕಿ ಚರ್ಚಿನಿಂದ ಎದ್ದು ಹೊರನಡೆದ. ಒಂದು ಮನೆಯಲ್ಲಿ ತನ್ನ ಸರದಾರರೊಂದಿಗೆ ಕೂತು ಬಹಳ ಹೊತ್ತು ಚರ್ಚಿಸಿದ. ಬುತುರ್ಲಿನ್ ಚರ್ಚಿನಲ್ಲೇ ಕಾಯುತ್ತಿದ್ದ. ಕೊನೆಗೆ ಕೊಸಾಕರು ಮರಳಿ ಬಂದು ಒಂದೇ ಕಡೆಯ ಪ್ರಮಾಣ ಮಾಡಿದರು.

ಜಗಳದ ನಿಜವಾದ ಜನ್ಮದಿನ ಅದು ಎಂದರೆ ತಪ್ಪಾಗದು. ಹೆತ್ಮಾನ್‌ಗೆ ಅದೊಂದು ಒಪ್ಪಂದ: ಕಷ್ಟಕಾಲಕ್ಕೆ ಸೇನೆಯ ನೆರವು, ಬದಲಿಗೆ ನಿಷ್ಠೆ, ಒಳಾಡಳಿತ ನಮ್ಮದು. ಮಾಸ್ಕೊಗೆ ಅದು ಶರಣಾಗತಿ, ಅದೂ ಕೊನೆಗಾಲದವರೆಗೆ. ಒಪ್ಪಂದದ ಅಂಶಗಳನ್ನು ಬರೆದ ಮೂಲ ಪ್ರತಿ ಉಳಿದಿಲ್ಲವಾದ್ದರಿಂದ ಇತಿಹಾಸಕಾರರಿಗೆ ಇಂದಿಗೂ ಕೈತುಂಬ ಕೆಲಸ.

ಹದಿಮೂರೇ ವರ್ಷಕ್ಕೆ, 1667ರಲ್ಲಿ, ಮಾಸ್ಕೊ ಮತ್ತು ಪೋಲೆಂಡ್ ಸಂಧಿ ಮಾಡಿಕೊಂಡು ದ್ನೀಪರ್ ನದಿಯನ್ನೇ ಗಡಿಯಾಗಿಟ್ಟು ಉಕ್ರೇನನ್ನು ಹಂಚಿಕೊಂಡವು. ಕೊಸಾಕರನ್ನು ಯಾರೂ ಕೇಳಲಿಲ್ಲ.

ಜುದಾಸ್ ಪದಕ

ಮುಂದಿನ ನೂರು ವರ್ಷ ಹಕ್ಕುಗಳು ಒಂದೊಂದಾಗಿ ಕಳಚಿಹೋದ ಕಥೆ. ರಷ್ಯಾದ ಪೀಟರ್ ದೊರೆಯ ಆಪ್ತನಾಗಿದ್ದ ಹೆತ್ಮಾನ್ ಇವಾನ್ ಮಾಜೆಪಾ 1708ರಲ್ಲಿ ಸ್ವೀಡನ್ನಿನ ಪಾಳೆಯಕ್ಕೆ ಹಾರಿದ. ಪೀಟರನ ಸೇನಾನಿ ಮೆನ್ಶಿಕೋವ್, ಮಾಜೆಪಾನ ರಾಜಧಾನಿ ಬಾತುರಿನ್‌ಗೆ ನುಗ್ಗಿ ಊರನ್ನೇ ಸುಟ್ಟ. ಮಕ್ಕಳುಮರಿ ಎನ್ನದೆ ಸಾವಿರಾರು ಜನ ಸತ್ತರು. ಮರುವರ್ಷ ಪೊಲ್ತಾವಾದಲ್ಲಿ ಸ್ವೀಡನ್ ಸೋತಿತು. ಮಾಜೆಪಾನ ಕೊರಳಿಗೆ ಹಾಕಲೆಂದು ಪೀಟರ್ ಐದು ಕಿಲೊ ಹತ್ತಿರದ ಬೆಳ್ಳಿಯ 'ಜುದಾಸ್ ಪದಕ' ಮಾಡಿಸಿದ್ದ. ಆಸಾಮಿ ಸಿಗಲಿಲ್ಲ, ದೇಶಾಂತರದಲ್ಲಿ ಸತ್ತ.

ರಷ್ಯನ್ ಚರ್ಚು ಅವನಿಗೆ ಹಾಕಿದ ಬಹಿಷ್ಕಾರ ಇವತ್ತಿಗೂ ತೆಗೆದಿಲ್ಲ. ಉಕ್ರೇನಿನ ಹತ್ತು ಹ್ರೀವ್ನಾ ಹಣದ ಮೇಲೆ ಇರುವುದು ಅವನದೇ ಮುಖ.

ಕ್ಯಾಥರೀನ್ ರಾಣಿ 1764ರಲ್ಲಿ ಹೆತ್ಮಾನ್ ಪದವಿ ರದ್ದುಮಾಡಿದಳು. 1775ರಲ್ಲಿ ಕೊಸಾಕರ ಕೋಟೆ 'ಸಿಚ್' ನೆಲಸಮವಾಯಿತು. ಅದೂ ಯಾವಾಗ? ತುರ್ಕರ ವಿರುದ್ಧದ ಯುದ್ಧದಲ್ಲಿ ಅದೇ ಕೊಸಾಕರು ಅವಳ ಪರವಾಗಿ ಹೋರಾಡಿ ಮುಗಿಸಿದ ಮರುವರ್ಷ. 1783ರಲ್ಲಿ ಕ್ರಿಮಿಯಾ ಸೇರ್ಪಡೆ; ಅದೇ ವರ್ಷ ದ್ನೀಪರ್‌ನ ಪೂರ್ವದ ರೈತರ ಕೊರಳಿಗೆ ಜೀತ.

> ಮೂಳೆ ಹೊತ್ತು ಹೋದವರು
> ಕಪ್ಪುಸಮುದ್ರದ ಕರಾವಳಿಯನ್ನು ಕ್ಯಾಥರೀನ್‌ಗೆ ಗೆದ್ದುಕೊಟ್ಟ, ಖೆರ್ಸೋನ್ ನಗರ ಕಟ್ಟಿಸಿದ ಪೊತೆಮ್ಕಿನ್ 1791ರಲ್ಲಿ ಸತ್ತ. ಸಮಾಧಿ ಖೆರ್ಸೋನ್‌ನ ಚರ್ಚಿನಲ್ಲಿತ್ತು. 2022ರ ಶರತ್ಕಾಲದಲ್ಲಿ ಉಕ್ರೇನ್ ಸೇನೆ ಸಮೀಪಿಸುತ್ತಿದ್ದಂತೆ ಊರು ಬಿಡಲು ಹೊರಟ ರಷ್ಯನ್ನರು ಅವನ ಮೂಳೆಗಳನ್ನೂ ಕಟ್ಟಿಕೊಂಡು ಹೋದರು. ಅದೇ ಡಿಸೆಂಬರಿನಲ್ಲಿ ಒಡೆಸ್ಸಾ ನಗರ ಕ್ಯಾಥರೀನಳ ಪ್ರತಿಮೆಯನ್ನು ಕೆಳಗಿಳಿಸಿತು.

ಬೂಟಿನೊಳಗಿನ ಪುಸ್ತಕ

ರಾಜ್ಯ ಹೋದ ಮೇಲೆ ಉಳಿದದ್ದು ನುಡಿ. ಝಾರ್ ದೊರೆಗಳ ಕಣ್ಣು ಅದರ ಮೇಲೆ ಬಿತ್ತು.

ಕವಿ ತರಾಸ್ ಷೆವ್ಚೆಂಕೊ 1814ರಲ್ಲಿ ಜೀತದ ರೈತನ ಮನೆಯಲ್ಲಿ ಹುಟ್ಟಿದ. ಚಿತ್ರ ಬರೆಯುವ ಕೈಚಳಕ ಕಂಡ ಪೀಟರ್ಸ್‌ಬರ್ಗಿನ ರಷ್ಯನ್ ಕಲಾವಿದ ಬ್ರ್ಯುಲೋವ್, ಕವಿ ಝುಕೋವ್‌ಸ್ಕಿಯ ಭಾವಚಿತ್ರ ಬರೆದು ಅದನ್ನು ಲಾಟರಿಗಿಟ್ಟ. ಬಂದ 2,500 ರೂಬಲ್‌ಗಳಿಂದ 1838ರಲ್ಲಿ ಷೆವ್ಚೆಂಕೊನ ಬಿಡುಗಡೆಯಾಯಿತು. ಅವನನ್ನು ಜೀತದಿಂದ ಬಿಡಿಸಿದವರು ರಷ್ಯನ್ನರೇ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಈ ಚರಿತ್ರೆಯನ್ನು ಎರಡು ಜನಾಂಗಗಳ ಹುಟ್ಟುದ್ವೇಷ ಎಂದು ಓದುವವರು ಇಂಥ ಪುಟಗಳನ್ನು ಹಾರಿಸಿಬಿಡುತ್ತಾರೆ.

ಎರಡು ವರ್ಷಕ್ಕೆ ಅವನ 'ಕೊಬ್ಜಾರ್' ಕವನ ಸಂಕಲನ ಬಂತು. ಹಳ್ಳಿಗರ ಮಾತು ಎಂದು ಮೂಗು ಮುರಿಯಲಾಗುತ್ತಿದ್ದ ಉಕ್ರೇನಿಯನ್ ನುಡಿ ಕಾವ್ಯವಾಗಿ ನಿಂತಿತು. 1847ರಲ್ಲಿ ಅವನ ಬಂಧನ. ಮಧ್ಯ ಏಷ್ಯಾದ ಅಂಚಿಗೆ ಸಿಪಾಯಿಯಾಗಿ ಗಡೀಪಾರು. ಶಿಕ್ಷೆಯ ಆದೇಶದ ಮೇಲೆ ನಿಕೋಲಸ್ ದೊರೆ ಸ್ವಂತ ಕೈಯಿಂದ ಒಂದು ಸಾಲು ಸೇರಿಸಿದ: ಬರೆಯಕೂಡದು, ಚಿತ್ರ ಬಿಡಿಸಕೂಡದು, ಕಟ್ಟುನಿಟ್ಟಿನ ಕಾವಲಿರಲಿ. ಷೆವ್ಚೆಂಕೊ ಅಂಗೈಯಗಲದ ಪುಟ್ಟ ಪುಸ್ತಕ ಹೊಲಿದುಕೊಂಡು, ಕದ್ದುಮುಚ್ಚಿ ಬರೆದು, ಬೂಟಿನೊಳಗೆ ಸಿಕ್ಕಿಸಿಕೊಂಡು ಓಡಾಡಿದ. ಗಡೀಪಾರು ಹತ್ತು ವರ್ಷ ನಡೆಯಿತು.

1863ರಲ್ಲಿ ಒಳಾಡಳಿತ ಮಂತ್ರಿ ವಾಲುಯೆವ್ ಗುಪ್ತ ಸುತ್ತೋಲೆ ಹೊರಡಿಸಿದ. ಅಂಥದೊಂದು ಪ್ರತ್ಯೇಕ ಭಾಷೆ ಹಿಂದೆ ಇರಲಿಲ್ಲ, ಈಗ ಇಲ್ಲ, ಮುಂದೆ ಇರಲೂ ಆಗದು ಎಂಬುದು ಅದರ ಸಾರ. ಇಲ್ಲದ ಭಾಷೆಗೆ ನಿಷೇಧ ಯಾಕೆ ಬೇಕಿತ್ತು ಎಂದು ಯಾರೂ ಕೇಳಿದಂತಿಲ್ಲ. 1876ರಲ್ಲಿ ಎರಡನೇ ಅಲೆಕ್ಸಾಂಡರ್ ದೊರೆ ಜರ್ಮನಿಯ ಎಮ್ಸ್ ಎಂಬಲ್ಲಿ ಬಿಸಿನೀರ ಬುಗ್ಗೆಯ ಚಿಕಿತ್ಸೆ ಪಡೆಯುತ್ತ ಇನ್ನೂ ಬಿಗಿಯಾದ ಆಜ್ಞೆಗೆ ಸಹಿ ಹಾಕಿದ. ಉಕ್ರೇನಿಯನ್ ಪುಸ್ತಕ ಅಚ್ಚು ಹಾಕುವಂತಿಲ್ಲ, ಹೊರದೇಶದಿಂದ ತರಿಸುವಂತಿಲ್ಲ, ನಾಟಕ ಆಡುವಂತಿಲ್ಲ, ಸ್ವರಲಿಪಿಯ ಕೆಳಗೆ ಹಾಡಿನ ಸಾಲು ಕೂಡ ಇರುವಂತಿಲ್ಲ.

ಪಶ್ಚಿಮದ ಲ್ವೀವ್ ನಗರ ಆಗ ಆಸ್ಟ್ರಿಯಾದ ಕೈಯಲ್ಲಿತ್ತು. ಕೀವ್‌ನಲ್ಲಿ ಬರೆದದ್ದು ಲ್ವೀವ್‌ನಲ್ಲಿ ಅಚ್ಚಾಗತೊಡಗಿತು. ಇತಿಹಾಸಕಾರ ಮಿಖೈಲೊ ಹ್ರುಶೆವ್‌ಸ್ಕಿ ತನ್ನ ಉಕ್ರೇನ್ ಇತಿಹಾಸದ ಮೊದಲ ಸಂಪುಟ ತಂದದ್ದು ಅಲ್ಲಿಂದಲೇ, 1898ರಲ್ಲಿ. ಕೀವನ್ ರುಸ್‌ನ ವಾರಸುದಾರಿಕೆ ನೇರವಾಗಿ ಮಾಸ್ಕೊಗೆ ಹೋಯಿತೆಂಬ ವಾದವನ್ನು ಅವನು ದಾಖಲೆ ಹಿಡಿದು ಪ್ರಶ್ನಿಸಿದ.

ಈ ನಿಷೇಧಗಳ ಫಲ ನಮ್ಮ ಮನೆಗಳವರೆಗೂ ಬಂದಿದೆ. ಸೋವಿಯತ್ ದಿನಗಳಲ್ಲಿ ಕನ್ನಡದ ಓದುಗರಿಗೆ ನವಕರ್ನಾಟಕದ ಮಳಿಗೆಗಳಲ್ಲಿ ಮಾಸ್ಕೊದ ಪುಸ್ತಕಗಳು ಪುಡಿಗಾಸಿಗೆ ಸಿಗುತ್ತಿದ್ದವು. 'ಸೋವಿಯತ್ ಲ್ಯಾಂಡ್' ಪತ್ರಿಕೆಯ ನುಣುಪು ಹಾಳೆ ಶಾಲೆಯ ಪುಸ್ತಕಗಳಿಗೆ ಹೊದಿಕೆಯಾಗುತ್ತಿತ್ತು. ಅಲ್ಲಿಂದ ಬಂದದ್ದೆಲ್ಲ ನಮಗೆ 'ರಷ್ಯಾ'. ಗೊಗೊಲ್‌ನನ್ನು ರಷ್ಯನ್ ಲೇಖಕ ಎಂದೇ ಓದಿದೆವು. ಅವನು ಪೊಲ್ತಾವಾ ಸೀಮೆಯ ಕೊಸಾಕ್ ಮನೆತನದ ಹುಡುಗ ಎಂಬುದು ಬಹಳ ಮಂದಿಗೆ ಗೊತ್ತಾದದ್ದು ಯುದ್ಧ ಬಂದ ಮೇಲೆ.

ಐದು ತೆನೆಯ ಕಾನೂನು

1917ರ ಕ್ರಾಂತಿಯ ಗದ್ದಲದಲ್ಲಿ ಉಕ್ರೇನ್ ಸ್ವಾತಂತ್ರ್ಯ ಘೋಷಿಸಿತು, ಹ್ರುಶೆವ್‌ಸ್ಕಿಯ ಮುಂದಾಳತ್ವದಲ್ಲಿ. ಮೂರು ವರ್ಷ ಯುದ್ಧ ನಡೆಯಿತು, ಕೀವ್ ಹತ್ತಕ್ಕೂ ಹೆಚ್ಚು ಸಲ ಕೈಬದಲಾಯಿತು. ಗೆದ್ದವರು ಬೊಲ್ಶೆವಿಕರು. ಆದರೆ ಉಕ್ರೇನನ್ನು ಒಂದು ಗಣರಾಜ್ಯವೆಂದು ಒಪ್ಪದೆ ಆಳಲಾಗದು ಎಂಬುದು ಲೆನಿನ್‌ಗೆ ತಿಳಿದಿತ್ತು. 1923ರಿಂದ ಶಾಲೆ, ಕಚೇರಿ, ಪತ್ರಿಕೆಗಳಿಗೆ ಉಕ್ರೇನಿಯನ್ ಬಂತು. ಒಂದು ತಲೆಮಾರಿನ ಲೇಖಕರು ಅರಳಿದರು.

ಸ್ಟಾಲಿನ್ ಬಂದ. ಹೊಲಗಳನ್ನು ಸಾಮೂಹಿಕ ಕೃಷಿಗೆ ಸೇರಿಸಬೇಕೆಂಬ ಒತ್ತಾಯ, ಮೇಲೆ ಕೊಡಲಾಗದಷ್ಟು ಧಾನ್ಯದ ಲೆವಿ. 1932ರ ಆಗಸ್ಟ್ 7ರ ಕಾನೂನಿನ ಪ್ರಕಾರ ಸಾಮೂಹಿಕ ಹೊಲದಿಂದ ಕದ್ದರೆ ಗುಂಡು, ಇಲ್ಲವೇ ಹತ್ತು ವರ್ಷ ಜೈಲು. ಜನ ಅದಕ್ಕಿಟ್ಟ ಹೆಸರು 'ಐದು ತೆನೆಯ ಕಾನೂನು'. ಕಬ್ಬಿಣದ ಸರಳು ಹಿಡಿದ ತಂಡಗಳು ಮನೆಮನೆಗೆ ನುಗ್ಗಿ ನೆಲ ಚುಚ್ಚಿ, ಒಲೆ ಕೆದಕಿ ಕಾಳು ಹುಡುಕಿದವು. ಲೆವಿ ಮುಟ್ಟಿಸದ ಹಳ್ಳಿ ಕಪ್ಪುಪಟ್ಟಿಗೆ. ಅಲ್ಲಿಗೆ ಉಪ್ಪು, ಸೀಮೆಎಣ್ಣೆ, ಬೆಂಕಿಪೊಟ್ಟಣವೂ ಬಂದ್.

1932ರ ಡಿಸೆಂಬರ್ 14ರ ಆದೇಶ ಗಮನಿಸಬೇಕಾದದ್ದು. ಸ್ಟಾಲಿನ್, ಮೊಲೊತೊವ್ ಸಹಿಯ ಆ ಕಾಗದದಲ್ಲಿ ಧಾನ್ಯ ವಸೂಲಿ ಬಿಗಿ ಮಾಡುವ ಸೂಚನೆಯಿದೆ. ಅದರೊಳಗೇ, ಉಕ್ರೇನಿಯನ್ನರು ತುಂಬಿದ್ದ ಕುಬಾನ್ ಪ್ರಾಂತ್ಯದಲ್ಲಿ ಶಾಲೆ, ಪತ್ರಿಕೆ, ಕಚೇರಿಗಳನ್ನು ರಷ್ಯನ್ ಭಾಷೆಗೆ ತಿರುಗಿಸಿ ಎಂಬ ಸೂಚನೆಯೂ ಇದೆ. ಗೋಧಿಯ ಲೆಕ್ಕದಲ್ಲಿ ನುಡಿಗೇನು ಕೆಲಸ? ಬರೀ ಆರ್ಥಿಕ ನೀತಿಯ ಎಡವಟ್ಟು ಎನ್ನುವವರು ಇದಕ್ಕೆ ಉತ್ತರ ಹೇಳಬೇಕು.

1933ರ ಜನವರಿ 22ರಂದು ಉಕ್ರೇನ್ ಮತ್ತು ಕುಬಾನ್‌ನ ರೈತರು ಊಟ ಹುಡುಕಿಕೊಂಡು ಗಡಿ ದಾಟದಂತೆ ತಡೆಯಲು ಅಪ್ಪಣೆಯಾಯಿತು. ರೈಲು ಟಿಕೆಟ್ ಕೊಡುವುದು ನಿಂತಿತು. ಅದೇ ವರ್ಷ ಸೋವಿಯತ್ ದೇಶ ಹದಿನೈದು ಲಕ್ಷ ಟನ್ನಿಗೂ ಹೆಚ್ಚು ಧಾನ್ಯವನ್ನು ಹೊರದೇಶಕ್ಕೆ ಮಾರಿತು. ಉಕ್ರೇನಿನಲ್ಲಿ ಸತ್ತವರು ಸುಮಾರು 39 ಲಕ್ಷ ಎಂಬುದು ಜನಸಂಖ್ಯಾ ತಜ್ಞರ ಅಂದಾಜು. ಉಕ್ರೇನಿನವರು ಇದನ್ನು ಹೊಲೊದೊಮೋರ್ ಎನ್ನುತ್ತಾರೆ.

ರಷ್ಯಾದ ಉತ್ತರವೂ ಇದೆ: ವೋಲ್ಗಾ ಬಯಲಿನಲ್ಲಿ ರಷ್ಯನ್ನರೂ ಸತ್ತರು, ಕಜಾಕ್‌ಸ್ತಾನದಲ್ಲಿ ಜನಸಂಖ್ಯೆಯ ಲೆಕ್ಕದಲ್ಲಿ ಇನ್ನೂ ಹೆಚ್ಚು ಸತ್ತರು. ಅದು ನಿಜ. ನರಮೇಧ ಎಂಬ ಪದದ ಬಗ್ಗೆ ಇತಿಹಾಸಕಾರರಲ್ಲೇ ಒಮ್ಮತವಿಲ್ಲ. ಆದರೆ ಸೋವಿಯತ್ ಸರ್ಕಾರ ಅರ್ಧ ಶತಮಾನ ಕಾಲ ಹೇಳಿದ್ದು 'ಎಲ್ಲರೂ ಸತ್ತರು' ಎಂದಲ್ಲ, ಬರಗಾಲವೇ ಇರಲಿಲ್ಲ ಎಂದು. ಅಜ್ಜಿ ಕಂಡ ಸಾವನ್ನು ಮೊಮ್ಮಕ್ಕಳು ಬಾಯಿಬಿಟ್ಟು ಹೇಳುವಂತಿರಲಿಲ್ಲ.

> ಇಬ್ಬರು ವರದಿಗಾರರು
> ವೇಲ್ಸ್‌ನ ಯುವ ಪತ್ರಕರ್ತ ಗ್ಯಾರೆತ್ ಜೋನ್ಸ್ 1933ರ ಮಾರ್ಚಿನಲ್ಲಿ ರೈಲಿನಿಂದ ನಡುವೆ ಇಳಿದು ಉಕ್ರೇನಿನ ಹಳ್ಳಿಗಳನ್ನು ನಡೆದೇ ಸುತ್ತಿದ. ಬರ್ಲಿನ್‌ಗೆ ಬಂದು ಬರಗಾಲದ ಸುದ್ದಿ ಹೊರಗೆಡವಿದ. ನ್ಯೂಯಾರ್ಕ್ ಟೈಮ್ಸ್‌ನ ಮಾಸ್ಕೊ ವರದಿಗಾರ ವಾಲ್ಟರ್ ಡ್ಯುರಾಂಟಿ ಎರಡೇ ದಿನದಲ್ಲಿ ಅದನ್ನು ಅಲ್ಲಗಳೆದ. ಪುಲಿಟ್ಜರ್ ಪ್ರಶಸ್ತಿ ಇದ್ದದ್ದು ಡ್ಯುರಾಂಟಿ ಹೆಸರಲ್ಲಿ. ಜೋನ್ಸ್ ಮೂವತ್ತು ತುಂಬುವ ಹಿಂದಿನ ದಿನ ಒಳ ಮಂಗೋಲಿಯಾದಲ್ಲಿ ಕೊಲೆಯಾದ.

ಹಳ್ಳಿಗಳ ಜೊತೆಗೇ ಲೇಖಕರ ಸರದಿಯೂ ಬಂತು. ಖಾರ್ಕಿವ್‌ನಲ್ಲಿ ಬರಹಗಾರರಿಗೆಂದೇ ಕಟ್ಟಿದ 'ಸ್ಲೊವೊ' ಎಂಬ ವಸತಿ ಕಟ್ಟಡವಿದೆ. 1933ರ ಮೇ 13ರಂದು ಅಲ್ಲಿನ ತನ್ನ ಮನೆಗೆ ಕಾದಂಬರಿಕಾರ ಮಿಕೊಲಾ ಖ್ವಿಲೊವಿ ಗೆಳೆಯರನ್ನು ಕರೆದ. ಹರಟೆಯ ನಡುವೆ ಎದ್ದು ಪಕ್ಕದ ಕೋಣೆಗೆ ಹೋಗಿ ಗುಂಡು ಹಾರಿಸಿಕೊಂಡ. ಆ ಗೆಳೆಯರಲ್ಲೊಬ್ಬನಾದ ನಾಟಕಕಾರ ಮಿಕೊಲಾ ಕುಲಿಶ್‌ನನ್ನು 1937ರ ನವೆಂಬರ್ 3ರಂದು ಸಂದರ್ಮೋಖ್ ಕಾಡಿನಲ್ಲಿ ಕೊಂದರು. ಅದೇ ಸ್ಲೊವೊ ಕಟ್ಟಡಕ್ಕೆ 2022ರ ಮಾರ್ಚಿನಲ್ಲಿ ರಷ್ಯಾದ ದಾಳಿಯಿಂದ ಹಾನಿಯಾಯಿತು.

ಉಕ್ರೇನಿಗೂ ಮುಜುಗರದ ಪುಟ

ಎರಡನೇ ಮಹಾಯುದ್ಧದ ಅಧ್ಯಾಯವನ್ನು ಉಕ್ರೇನ್ ಅಷ್ಟು ಸಲೀಸಾಗಿ ಓದಲಾರದು. ಸ್ಟಾಲಿನ್‌ನಿಂದ ಬೆಂದ ಪಶ್ಚಿಮ ಉಕ್ರೇನಿನ ರಾಷ್ಟ್ರವಾದಿಗಳು ಹಿಟ್ಲರನಲ್ಲಿ ನೆರವು ಹುಡುಕಿದರು. ಅವರ ಮುಖಂಡ ಸ್ತೆಪಾನ್ ಬಂಡೇರಾನ ಬೆಂಬಲಿಗರು 1941ರ ಜೂನ್ 30ರಂದು ಲ್ವೀವ್‌ನಲ್ಲಿ ಸ್ವತಂತ್ರ ರಾಜ್ಯ ಸಾರಿದರು. ಜರ್ಮನರು ಅವನನ್ನೇ ಹಿಡಿದು ಸೆರೆಶಿಬಿರಕ್ಕೆ ಹಾಕಿದರು. ಆದರೆ ಅವನ ಪಂಗಡದ ಪಡೆಗಳು 1943ರಲ್ಲಿ ವೊಲಿನ್ ಸೀಮೆಯಲ್ಲಿ ಹತ್ತಾರು ಸಾವಿರ ಪೋಲಿಷ್ ಹಳ್ಳಿಗರನ್ನು ಕೊಂದದ್ದನ್ನು ಯಾವ ವಾದದಿಂದಲೂ ತೊಳೆಯಲಾಗದು. ಕೀವ್‌ನ ಬಾಬಿ ಯಾರ್ ಕಮರಿಯಲ್ಲಿ ನಾಜಿಗಳು ಎರಡು ದಿನದಲ್ಲಿ 33,771 ಯಹೂದಿಗಳನ್ನು ಕೊಂದಾಗ ಸ್ಥಳೀಯ ಪೊಲೀಸರು ನೆರವಿಗೆ ನಿಂತಿದ್ದರು.

ಪುಟಿನ್ ಇಂದು ಕೀವ್ ಸರ್ಕಾರವನ್ನು ನಾಜಿ ಎನ್ನುವಾಗ ಕೈ ಹಾಕುವುದು ಈ ಪುಟಕ್ಕೆ. ಮುಂದಿನ ಪುಟ ತಿರುಗಿಸುವುದಿಲ್ಲ: ಲಕ್ಷ ಲಕ್ಷ ಉಕ್ರೇನಿಯನ್ನರು ಹೋರಾಡಿದ್ದು ಕೆಂಪು ಸೇನೆಯ ಸಮವಸ್ತ್ರದಲ್ಲಿ. 2019ರಲ್ಲಿ ಆ ದೇಶ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಮತ ಹಾಕಿ ಆರಿಸಿದ ಅಧ್ಯಕ್ಷ ಯಹೂದಿ, ಬೆಳೆದದ್ದು ರಷ್ಯನ್ ಮಾತಾಡುವ ಮನೆಯಲ್ಲಿ.

ಕ್ರಿಮಿಯಾ ಪ್ರಶ್ನೆಯೂ ಇದೇ ಕಾಲದ ಗಾಯ. 1944ರ ಮೇ 18ರ ನಸುಕಿನಲ್ಲಿ ಸ್ಟಾಲಿನ್ ಅಲ್ಲಿನ ತಾತಾರರನ್ನು, ಹೆಚ್ಚುಕಮ್ಮಿ ಎರಡು ಲಕ್ಷ ಜನರನ್ನು, ಗೂಡ್ಸ್ ರೈಲಿಗೆ ತುಂಬಿ ಉಜ್ಬೆಕಿಸ್ತಾನದ ಕಡೆಗೆ ಅಟ್ಟಿದ. ಅವರ ಮನೆಗಳಿಗೆ ರಷ್ಯನ್ನರೂ ಉಕ್ರೇನಿಯನ್ನರೂ ಬಂದು ಕೂತರು. 1954ರ ಫೆಬ್ರುವರಿಯಲ್ಲಿ ಕ್ರಿಮಿಯಾ ಉಕ್ರೇನ್ ಗಣರಾಜ್ಯಕ್ಕೆ ಹೋಯಿತು. ನೆಪ ಯಾವುದು ಅಂದುಕೊಂಡಿರಿ? ಪೆರೆಯಾಸ್ಲಾವ್ ಪ್ರಮಾಣದ ಮುನ್ನೂರನೇ ವರ್ಷ. ಒಂದೇ ದೇಶದೊಳಗಿನ ಕಾಗದದ ವ್ಯವಹಾರ, ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಮತ ಎಣಿಸಿದ ದಿನ

1991ರ ಡಿಸೆಂಬರ್ 1. ಸ್ವತಂತ್ರ ಉಕ್ರೇನ್ ಬೇಕೇ ಎಂದು ಜನಮತ ಕೇಳಿದರು. ಶೇ 90ಕ್ಕೂ ಹೆಚ್ಚು ಮತ ಬೇಕು ಎಂದಿತು. ರಷ್ಯನ್ ಮಾತೇ ಹೆಚ್ಚಾಗಿದ್ದ ಡೊನೆಟ್ಸ್ಕ್, ಲುಹಾನ್ಸ್ಕ್‌ಗಳಲ್ಲೂ ಶೇ 80ರ ಮೇಲೆ. ಕ್ರಿಮಿಯಾದಲ್ಲಿ ಅಂಚಿನ ಬಹುಮತ, ಶೇ 54. ವಾರದಲ್ಲಿ ಸೋವಿಯತ್ ಒಕ್ಕೂಟವನ್ನು ಮುಚ್ಚುವ ಕಾಗದಕ್ಕೆ ಸಹಿ ಬಿತ್ತು.

1994ರ ಡಿಸೆಂಬರಿನಲ್ಲಿ ಬುಡಾಪೆಸ್ಟ್‌ನಲ್ಲಿ ಉಕ್ರೇನ್ ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನು, ಜಗತ್ತಿನ ಮೂರನೇ ದೊಡ್ಡ ಸಂಗ್ರಹವನ್ನು, ಬಿಟ್ಟುಕೊಡಲು ಒಪ್ಪಿತು. ಬದಲಿಗೆ ಗಡಿಗಳನ್ನು ಗೌರವಿಸುವುದಾಗಿ ರಷ್ಯಾ, ಅಮೆರಿಕ, ಬ್ರಿಟನ್ ಸಹಿ ಮಾಡಿದವು. ಬುತುರ್ಲಿನ್‌ಗೆ ಹೋಲಿಸಿದರೆ ಈ ಸಲ ಮಾಸ್ಕೊ ಬರಹದಲ್ಲೇ ಮಾತು ಕೊಟ್ಟಿತ್ತು.

ಮುಂದಿನದು ಪತ್ರಿಕೆ ಓದುವವರಿಗೆಲ್ಲ ಗೊತ್ತು. 2004ರ ಕಿತ್ತಳೆ ಕ್ರಾಂತಿ; 2008ರಲ್ಲಿ ನ್ಯಾಟೊ ಬುಖಾರೆಸ್ಟ್‌ನಲ್ಲಿ ದಿನಾಂಕ ಹೇಳದೆ ಕೊಟ್ಟ ಸದಸ್ಯತ್ವದ ಭರವಸೆ; 2014ರಲ್ಲಿ ಕೀವ್‌ನ ಮೈದಾನ್ ಚೌಕದ ಗೋಲಿಬಾರು, ಕ್ರಿಮಿಯಾ ವಶ, ಡೊನೆಟ್ಸ್ಕ್–ಲುಹಾನ್ಸ್ಕ್‌ಗಳ ಡಾನ್‌ಬಾಸ್ ಸೀಮೆಯ ಯುದ್ಧ. ನ್ಯಾಟೊ ಮನೆಬಾಗಿಲಿಗೆ ಬಂತು ಎಂಬ ರಷ್ಯಾದ ಆತಂಕ ಪೂರ್ತಿ ನಾಟಕವಲ್ಲ. ಬುಖಾರೆಸ್ಟ್‌ನ ಅರೆಬರೆ ಭರವಸೆ ರಷ್ಯಾವನ್ನು ಕೆರಳಿಸಿತು, ಉಕ್ರೇನಿಗೆ ರಕ್ಷಣೆಯನ್ನೂ ಕೊಡಲಿಲ್ಲ.

ಆದರೆ ಪುಟಿನ್ ಯುದ್ಧಕ್ಕೆ ಮೊದಲು ಬರೆದದ್ದು ಕ್ಷಿಪಣಿಗಳ ಬಗ್ಗೆ ಅಲ್ಲ. 2021ರ ಜುಲೈ 12ರ ಅವರ ಸುದೀರ್ಘ ಲೇಖನದ ವಿಷಯ ರಷ್ಯನ್ನರು ಮತ್ತು ಉಕ್ರೇನಿಯನ್ನರ ಐತಿಹಾಸಿಕ ಏಕತೆ. ಕೀವನ್ ರುಸ್, ಪೆರೆಯಾಸ್ಲಾವ್, ಮಾಜೆಪಾ, ಷೆವ್ಚೆಂಕೊ ಎಲ್ಲರೂ ಅಲ್ಲಿ ಬರುತ್ತಾರೆ. ವಾಲುಯೆವ್ ಸುತ್ತೋಲೆಯೂ ಬರುತ್ತದೆ, ಆ ಕಾಲದ ಸಂದರ್ಭವನ್ನು ಗಮನಿಸಿ ಎಂಬ ಸಮಜಾಯಿಷಿಯೊಂದಿಗೆ. ಯುದ್ಧಕ್ಕೆ ಮೂರು ದಿನ ಮೊದಲಿನ ಭಾಷಣದಲ್ಲಿ ಇಂದಿನ ಉಕ್ರೇನನ್ನು ಸೃಷ್ಟಿಸಿದ್ದೇ ಲೆನಿನ್‌ನ ಬೊಲ್ಶೆವಿಕರು ಎಂದರು.

ಹೊಡೆತ ಹೆಚ್ಚು ಬಿದ್ದದ್ದು ಯಾರಿಗೆ? ಖಾರ್ಕಿವ್, ಮರಿಯುಪೋಲ್, ಮನೆಯಲ್ಲಿ, ಅಂಗಡಿಯಲ್ಲಿ ರಷ್ಯನ್ ಮಾತಾಡುತ್ತಿದ್ದ ಊರುಗಳಿಗೆ. 2022ರ ಫೆಬ್ರುವರಿಯಲ್ಲಿ ಖಾರ್ಕಿವ್‌ನ ಮೆಟ್ರೊ ನಿಲ್ದಾಣ, ನೆಲಮಾಳಿಗೆಗಳಲ್ಲಿ ಕರ್ನಾಟಕದ ವೈದ್ಯಕೀಯ ವಿದ್ಯಾರ್ಥಿಗಳೂ ಇದ್ದರು. ಎಲ್ಲರೂ ಜೀವಂತ ಮರಳಲಿಲ್ಲ. ಆ ವಾರ ಸೂರ್ಯಕಾಂತಿ ಎಣ್ಣೆಯ ದರ ಏರಿದಾಗಷ್ಟೇ ನಮ್ಮ ಅಡುಗೆಮನೆಗಳಿಗೆ ಉಕ್ರೇನ್ ಎಲ್ಲಿದೆ ಎಂದು ತಿಳಿಯಿತು.

ಉಕ್ರೇನ್ ಈಗ ತನ್ನ ಭೂತಕಾಲಕ್ಕೂ ಕತ್ತರಿ ಹಾಕುತ್ತಿದೆ. ಪುಷ್ಕಿನ್ ಬೀದಿಗಳಿಗೆ ಬೇರೆ ಹೆಸರು ಬಂದಿದೆ. ಕೀವ್‌ನಲ್ಲಿ ರಷ್ಯಾ ಗೆಳೆತನದ ಕಮಾನಿನ ಕೆಳಗಿದ್ದ ಪೆರೆಯಾಸ್ಲಾವ್ ಪ್ರಮಾಣದ ಶಿಲ್ಪವನ್ನು 2024ರಲ್ಲಿ ತುಂಡು ತುಂಡಾಗಿ ಬಿಚ್ಚಿದರು. 2023ರಿಂದ ಕ್ರಿಸ್‌ಮಸ್ ರಜೆಯೂ ಜನವರಿ 7ರಿಂದ ಡಿಸೆಂಬರ್ 25ಕ್ಕೆ ಸರಿದಿದೆ. ಎಲ್ಲವೂ ಜಾಣ ನಡೆಯಲ್ಲ. ರಷ್ಯನ್ ಭಾಷೆಯಲ್ಲಿ ಬರೆದ ಕೀವ್‌ನ ಮಕ್ಕಳನ್ನೆಲ್ಲ ಮಾಸ್ಕೊಗೆ ಬಿಟ್ಟುಕೊಟ್ಟರೆ ನಷ್ಟ ಕೀವ್‌ಗೇ.

ಖಾರ್ಕಿವ್‌ನ ಮೆಟ್ರೊ ನಿಲ್ದಾಣಗಳಲ್ಲಿ 2023ರ ಸೆಪ್ಟೆಂಬರಿನಿಂದ ಶಾಲೆ ನಡೆಯಿತು. ಅಲ್ಲಿನ ಮಕ್ಕಳಿಗೆ 1654 ಎಂದರೆ ಒಂದು ಒಪ್ಪಂದ. ರಷ್ಯಾ ವಶದಲ್ಲಿರುವ ಮರಿಯುಪೋಲ್‌ನಲ್ಲಿ ರಷ್ಯಾದ ಪಠ್ಯಕ್ರಮ. ಅದೇ ಸೆಪ್ಟೆಂಬರಿನಲ್ಲಿ ರಷ್ಯಾ ಮೇಲಿನ ತರಗತಿಗಳಿಗೆ ಹೊಸ ಇತಿಹಾಸ ಪುಸ್ತಕ ತಂದಿತು. ನಡೆಯುತ್ತಿರುವ ಯುದ್ಧಕ್ಕೂ ಅದರಲ್ಲಿ ಒಂದು ಅಧ್ಯಾಯವಿದೆ. ಬರೆದವರಲ್ಲೊಬ್ಬರು ವ್ಲಾದಿಮಿರ್ ಮೆದಿನ್‌ಸ್ಕಿ. 2022ರಲ್ಲಿ, ಮತ್ತೆ 2025ರಲ್ಲಿ ಇಸ್ತಾಂಬುಲ್ ಮಾತುಕತೆಗೆ ರಷ್ಯಾದ ನಿಯೋಗದ ಮುಖ್ಯಸ್ಥರಾಗಿ ಬಂದು ಕೂತವರೂ ಅವರೇ. ಹುಟ್ಟಿದ್ದು ಉಕ್ರೇನಿನ ಸ್ಮೀಲಾ ಊರಿನಲ್ಲಿ, ಷೆವ್ಚೆಂಕೊ ಹುಟ್ಟಿದ ಚೆರ್ಕಾಸಿ ಪ್ರಾಂತ್ಯದಲ್ಲೇ.